ಮೀನು ಕೊಯ್ದ ಕತ್ತಿ

ಕೇಳುಗರಿಗೆ ನಮಸ್ಕಾರ.

ಮೀನೂಟದ ಮರುದಿನ ಹೊಟ್ಟೆ ಕೆಟ್ಟರೆ ನಾವು ಮೊದಲು ದೂರುವುದು ಮೀನು ಮಾರಿದವರನ್ನು. ಆದರೆ ಆಗಷ್ಟೇ ದೋಣಿಯಿಂದ ಇಳಿದ, ಕಣ್ಣು ಹೊಳೆಯುವ, ಕಿವಿರು ಕೆಂಪಗಿರುವ ಬಂಗುಡೆಯಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಅಂಥದ್ದೊಂದು. ಕಾಲರಾ ರೋಗಾಣುವಿನ ದಾಯಾದಿ. ಕರಾವಳಿಯ ಬೆಚ್ಚಗಿನ ಉಪ್ಪುನೀರು ಅದರ ನೆಲೆ. ಮೂಸಿ ನೋಡಿದರೆ ಅದು ಪತ್ತೆಯಾಗುವುದಿಲ್ಲ.

1950ರಲ್ಲಿ ಜಪಾನಿನ ಒಸಾಕಾದಲ್ಲಿ ಅರೆ ಒಣಗಿಸಿದ ಎಳೆ ಮೀನು ತಿಂದು 272 ಮಂದಿ ಕಾಯಿಲೆ ಬಿದ್ದರು. 20 ಮಂದಿ ತೀರಿಕೊಂಡರು. ಕಾರಣ ಹುಡುಕಿ ಹೊರಟ ವಿಜ್ಞಾನಿ ಫುಜಿನೊ ಅವರಿಗೆ ಸಿಕ್ಕಿದ್ದು ಇದೇ ಬ್ಯಾಕ್ಟೀರಿಯಾ. 1996ರಲ್ಲಿ ಕೋಲ್ಕತ್ತದಲ್ಲಿ ಕಾಣಿಸಿಕೊಂಡ ಇದರ ಹೊಸ ತಳಿ ಕೆಲವೇ ವರ್ಷಗಳಲ್ಲಿ ಜಪಾನ್, ಅಮೆರಿಕಗಳವರೆಗೂ ಹಬ್ಬಿತು. ನಮ್ಮ ಕರಾವಳಿಯ ಸಿಂಪಿಗಳಲ್ಲೂ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಸಂಶೋಧಕರು ಇದನ್ನು ಗುರುತಿಸಿದ್ದಾರೆ. ಎಲ್ಲ ತಳಿಗಳೂ ರೋಗ ತರುವುದಿಲ್ಲ, ನಿಜ. ಆದರೆ ಯಾವುದು ತರುತ್ತದೆ ಎಂದು ಅಡುಗೆಮನೆಯಲ್ಲಿ ನಿಂತು ಹೇಳುವುದು ಹೇಗೆ?

ಚೆನ್ನಾಗಿ ಬೆಂದ ಮೀನಿನಲ್ಲಿ ಇದು ಉಳಿಯುವುದಿಲ್ಲ. ನನಗೆ ಹೆಚ್ಚು ಭಯವಿರುವುದು ಸಾರಿನ ಪಾತ್ರೆಯ ಬಗ್ಗೆ ಅಲ್ಲ, ಮೆಟ್ಟುಕತ್ತಿಯ ಬಗ್ಗೆ. ಸಿಗಡಿ ಸುಲಿದ ಕೈಯಲ್ಲೇ, ಮೀನು ಕೊಯ್ದ ಕತ್ತಿಯಲ್ಲೇ ಸೌತೆಕಾಯಿ, ಈರುಳ್ಳಿ ಹೆಚ್ಚುತ್ತೇವೆ. ಉಪ್ಪು ಬೆರೆಸಿ, ಮುಚ್ಚಿ, ಊಟದ ಹೊತ್ತಿನವರೆಗೆ ಸೆಕೆಯಲ್ಲೇ ಇಡುತ್ತೇವೆ. ಉಪ್ಪು ಹಾಕಿದೆವಲ್ಲ ಎಂಬ ಧೈರ್ಯ ಇಲ್ಲಿ ನಡೆಯದು. ಉಪ್ಪಿಲ್ಲದೆ ಈ ಬ್ಯಾಕ್ಟೀರಿಯಾ ಬೆಳೆಯುವುದೇ ಇಲ್ಲ. ಹದವಾದ ಉಪ್ಪು, ಬಿಸಿ ಸಿಕ್ಕರೆ ಹತ್ತೇ ನಿಮಿಷದೊಳಗೆ ಒಂದು ಎರಡಾಗುತ್ತದೆ. ಇದಕ್ಕೆ ಆಗದಿರುವುದು ಸಿಹಿನೀರು, ತಣ್ಣನೆಯ ಜಾಗ, ಚೆನ್ನಾದ ಕುದಿ. ಮೀನನ್ನು ಸಿಹಿನೀರಿನಲ್ಲೇ ತೊಳೆಯಿರಿ. ತರಕಾರಿ ಮುಟ್ಟುವ ಮೊದಲು ಕತ್ತಿಯನ್ನೂ ಕೈಯನ್ನೂ ಸಾಬೂನು ಹಾಕಿ ಉಜ್ಜಿ. ಮರುವಾಯಿ, ಅಂದರೆ ಚಿಪ್ಪುಮೀನು, ಬಾಯ್ದೆರೆದ ಕೂಡಲೇ ಒಲೆಯಿಂದ ಇಳಿಸದೆ, ಇನ್ನೂ ನಾಲ್ಕೈದು ನಿಮಿಷ ಕುದಿಯಲು ಬಿಡಿ.

ಕಾಯಿಲೆ ಸಾಮಾನ್ಯವಾಗಿ ಒಂದು ದಿನದೊಳಗೆ ಶುರುವಾಗುತ್ತದೆ: ನೀರಿನಂಥ ಭೇದಿ, ಹೊಟ್ಟೆನುಲಿತ, ವಾಂತಿ, ಕೆಲವೊಮ್ಮೆ ಜ್ವರ. ಹೆಚ್ಚಿನವರಿಗೆ ಮೂರು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಓಆರ್‌ಎಸ್ ದ್ರಾವಣ ಕುಡಿಯುತ್ತಿರಬೇಕು. ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ. ಮೀನು, ಸಿಗಡಿ, ಮರುವಾಯಿ ಏನು ತಿಂದಿದ್ದಿರಿ ಎಂಬುದನ್ನು ಮರೆಯದೆ ಹೇಳಿ. ಪ್ರಯೋಗಾಲಯದಲ್ಲಿ ಇದನ್ನು ಬೆಳೆಸಿ ನೋಡಲು ಬೇರೆಯೇ ಪೋಷಕ ಮಾಧ್ಯಮ ಬೇಕು. ಮೊದಲೇ ತಿಳಿಸದಿದ್ದರೆ ಮಾಮೂಲಿ ಪರೀಕ್ಷೆಯಲ್ಲಿ ಇದು ತಪ್ಪಿಹೋಗಬಹುದು.