ಹಳೆಯ ಸ್ಪೀಕರಿಗೆ ಒಪ್ಪುವ ಪೆಟ್ಟಿಗೆ

ಕೇಳುಗರಿಗೆ ನಮಸ್ಕಾರ.

ನನ್ನಲ್ಲಿ 1970ರ ದಶಕದ ಒಂದು ಜೊತೆ ಸ್ಪೀಕರ್‌ಗಳಿವೆ. ಮೈಗೆ ವಾಲ್‌ನಟ್ ಮರದ ಹೊದಿಕೆ, ಮುಖಕ್ಕೆ ಕಪ್ಪು ಬಟ್ಟೆ. ನಡುವೆ ಕೂತ ಆಂಪ್ಲಿಫೈಯರ್ ಮಾತ್ರ ಬರೀ ತಗಡಿನ ಡಬ್ಬ. ಧ್ವನಿಗೆ ಕುಂದಿಲ್ಲ, ನೋಟಕ್ಕೆ ಮಾತ್ರ ಮದುವೆಮನೆಗೆ ರೇನ್‌ಕೋಟ್ ತೊಟ್ಟು ಬಂದವನ ಹಾಗಿತ್ತು. ಅದಕ್ಕೊಂದು ಮರದ ಕವಚ ಮಾಡಲು ಹೊರಟೆ.

ಹೊಸ ವಾಲ್‌ನಟ್ ವಿನಿಯರ್, ಅಂದರೆ ಅಂಟಿಸುವ ತೆಳು ಮರದ ಹಾಳೆ, ತಂದು ಸ್ಪೀಕರಿನ ಪಕ್ಕ ಹಿಡಿದರೆ, ಎರಡೂ ಒಂದೇ ಮರವೆಂದು ನನಗೇ ನಂಬಿಕೆ ಬರಲಿಲ್ಲ. ಹೊಸದು ಕಡುಗಂದು, ಹಳೆಯದು ಜೇನಿನ ಬಣ್ಣ. ಎಷ್ಟೋ ಮರಗಳು ಬೆಳಕಿಗೆ ಕಪ್ಪಾಗುತ್ತವೆ. ವಾಲ್‌ನಟ್ ಉಲ್ಟಾ, ವರ್ಷ ಕಳೆದಂತೆ ತಿಳಿಯಾಗುತ್ತದೆ. ಮುಖದ ಬಟ್ಟೆಯ ಚೌಕಟ್ಟನ್ನು ಮೆಲ್ಲಗೆ ಕಳಚಿದೆ. ಬೆಳಕೇ ಕಾಣದ ಅಂಚಿನಲ್ಲಿ, ಒಂದು ಬೆರಳಿನಗಲ, ಅದೇ ಕಡುಗಂದು ಹಾಗೇ ಉಳಿದಿತ್ತು!

ಮರಕ್ಕೆ ಬಣ್ಣ ಕೊಟ್ಟು ಕಪ್ಪು ಮಾಡುವುದು ಸುಲಭ, ತಿಳಿ ಮಾಡುವುದು ಕಷ್ಟ. ವಿನಿಯರನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟೆ. ಒಂದು ಚೂರಿನ ಅರ್ಧಕ್ಕೆ ರಟ್ಟು ಮುಚ್ಚಿದ್ದೆ. ಕೆಲವು ವಾರಗಳಾದ ಮೇಲೆ ರಟ್ಟು ತೆಗೆದರೆ ನಡುವೆ ಗೆರೆ ಎಳೆದಂತೆ ವ್ಯತ್ಯಾಸ. ಎಣ್ಣೆ ಹಚ್ಚಿದರೆ ಮರ ಮತ್ತೆ ಕಪ್ಪೇರುತ್ತದೆ. ಹಾಗಾಗಿ ಬಣ್ಣ ಹೋಲಿಸುವುದಿದ್ದರೆ ಎಣ್ಣೆ ಹಚ್ಚಿದ ಚೂರನ್ನೇ ಹೋಲಿಸಬೇಕು.

ಒಳಗೆ 18 ಮಿಲಿಮೀಟರ್ ಎಂಡಿಎಫ್ ಹಲಗೆ, ಅಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು. ವಿನಿಯರನ್ನು ಎರಡೂ ಮಗ್ಗುಲಿಗೆ ಅಂಟಿಸಬೇಕು, ಒಂದೇ ಕಡೆಯಾದರೆ ಹಲಗೆ ಬಾಗುತ್ತದೆ. ಎಡಗೋಡೆ, ಮೇಲ್ಮೈ, ಬಲಗೋಡೆ ಮೂರಕ್ಕೂ ಒಂದೇ ಹಾಳೆಯನ್ನು ಸಾಲಾಗಿ ಕತ್ತರಿಸಿ, ಮೂಲೆಗಳನ್ನು 45 ಡಿಗ್ರಿಗೆ ಕೂಡಿಸಿದೆ. ಮರದ ಗೆರೆ ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿಗೆ ಇಳಿಯುತ್ತದೆ. ಯಾರೂ ಗಮನಿಸುವುದಿಲ್ಲ ಅನ್ನಿ, ನನಗೆ ಗೊತ್ತಲ್ಲ!

ಇನ್ನು ಶಾಖದ ಮಾತು. ಮರ ಶಾಖವನ್ನು ಸಾಗಿಸುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಮರ ಬರೀ ಅಂಗಿ; ಒಳಗೆ ಅಲ್ಯೂಮಿನಿಯಂ ಪೆಟ್ಟಿಗೆ ಬೇರೆಯೇ ಇದೆ, ನಡುವೆ ಗಾಳಿಯಾಡಲು ಜಾಗ. ಶಾಖ ಹೊರಹಾಕುವ ಹೀಟ್‌ಸಿಂಕಿನ ರೆಕ್ಕೆಗಳು ಲಂಬವಾಗಿ ನಿಲ್ಲಬೇಕು, ತಳದಲ್ಲೂ ಮೇಲೂ ರಂಧ್ರವಿರಬೇಕು. ಬಿಸಿಗಾಳಿ ತಾನಾಗಿ ಮೇಲೇಳುತ್ತದೆ, ತಣ್ಣನೆಯದು ಕೆಳಗಿನಿಂದ ನುಗ್ಗುತ್ತದೆ. ಮೇಲೆ ರಂಧ್ರ ಬಿಟ್ಟರೆ ಅಂದ ಕೆಡುತ್ತದೆಂದು ತಳದಲ್ಲಷ್ಟೇ ಕೊರೆದರೆ ಪ್ರಯೋಜನವಿಲ್ಲ.

ಮುಖ್ಯವಾದ ಎರಡು ಎಚ್ಚರ. ಅರ್ಥ್ ತಂತಿ ಲೋಹದ ಪೆಟ್ಟಿಗೆಗೇ ಗಟ್ಟಿಯಾಗಿ ಸೇರಬೇಕು. ಬಳೆಯಾಕಾರದ ಟ್ರಾನ್ಸ್‌ಫಾರ್ಮರ್ ಇದ್ದರೆ, ಅದರ ನಡುವಿನ ಬೋಲ್ಟು ತಳವನ್ನು ಮುಟ್ಟಲಿ, ಮುಚ್ಚಳವನ್ನು ಮುಟ್ಟಕೂಡದು. ಎರಡೂ ಕಡೆ ತಾಗಿತೋ, ಬೋಲ್ಟು ಮತ್ತು ಪೆಟ್ಟಿಗೆ ಸೇರಿ ತುದಿಗಳೆರಡೂ ಕೂಡಿ ಶಾರ್ಟಾದ ತಂತಿಯ ಒಂದು ಸುತ್ತಿನಂತಾಗಿ ಭಾರೀ ಕರೆಂಟು ಹರಿಯುತ್ತದೆ.

ಕವಚ ಸಿದ್ಧವಾಗಿದೆ. ಸ್ಪೀಕರಿಗಿಂತ ಇನ್ನೂ ಒಂದು ಛಾಯೆ ಕಪ್ಪಗೇ ಇದೆ. ಕಿಟಕಿಯ ಪರದೆ ಸರಿಸಿಟ್ಟಿದ್ದೇನೆ.