ಕೋನ್ ಸೆಟ್ ಹಾಕಿಸಿದ ಮೇಲೆ ಗಾಡಿ ಎಳೆಯುವುದೇಕೆ?

ಕೇಳುಗರಿಗೆ ನಮಸ್ಕಾರ.

ಬೈಕಿನ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿಯುವ ಎರಡು ಕಾಲು, ಬಿಚ್ಚಿಸಿ ಆಯಿಲ್ ಸೀಲ್ ಹಾಕಿಸಿರುತ್ತೀರಿ, ಇಲ್ಲವೇ ಕೋನ್ ಸೆಟ್, ಅಂದರೆ ಹ್ಯಾಂಡಲ್ ಸಲೀಸಾಗಿ ತಿರುಗಲು ಫ್ರೇಮಿನ ಕತ್ತಿನಲ್ಲಿ ಕೂರುವ ಬಾಲ್ ಮತ್ತು ಬಟ್ಟಲುಗಳನ್ನು, ಬದಲಿಸಿರುತ್ತೀರಿ. ಗ್ಯಾರೇಜಿನಿಂದ ಹೊರಟು ರಿಂಗ್ ರೋಡ್ ಮುಟ್ಟುವಷ್ಟರಲ್ಲಿ ಗಾಡಿ ಬೇರೆ ಯಾರದೋ ಅನ್ನಿಸತೊಡಗುತ್ತದೆ. "ಎಡಕ್ಕ ಎಳಿಲಾಕತ್ತದರೀ", "ಹ್ಯಾಂಡಲ್ ನಡಗತದ" ಅಂತ ವಾಪಸ್ ಹೋದರೆ ಬಹಳ ಸಲ ಸಿಗುವ ಉತ್ತರ ಮತ್ತೊಂದು ಹೊಸ ಸಾಮಾನು. ನಿನ್ನೆಯವರೆಗೆ ನೆಟ್ಟಗೆ ಓಡಿದ ಗಾಡಿ ಇವತ್ತು ಹಠ ಹಿಡಿದಿದೆ ಎಂದರೆ, ನಡುವೆ ಪಾನಾ ತಗುಲಿದ ಜಾಗಗಳನ್ನೇ ಮೊದಲು ನೋಡಬೇಕು. ಅಲ್ಲಿ ಸಿಗುವ ತಪ್ಪುಗಳಲ್ಲಿ ಹೆಚ್ಚಿನವಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು.

ಅದಕ್ಕೂ ಮುಂಚೆ ಗಾಳಿ. ಎಷ್ಟು ಗಾಳಿ ಎಂಬುದು ಗಾಡಿಯ ಪುಸ್ತಕದಲ್ಲಿರುತ್ತದೆ, ಹಲವು ಗಾಡಿಗಳಲ್ಲಿ ಚೈನ್ ಕವರಿನ ಹತ್ತಿರದ ಸ್ಟಿಕ್ಕರಿನಲ್ಲೂ ಇರುತ್ತದೆ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ನೋಡಿಸಿ. ಮೇ ತಿಂಗಳ ಮಧ್ಯಾಹ್ನ ಕಾದ ಡಾಂಬರಿನ ಮೇಲೆ ಓಡಿಬಂದ ಟೈರ್ ಇದ್ದುದಕ್ಕಿಂತ ಹೆಚ್ಚು ಗಾಳಿ ತೋರಿಸುತ್ತದೆ. ಚಕ್ರ ಬಿಚ್ಚಿದ್ದರೆ ಟೈರಿನ ಮೇಲಿನ ಬಾಣದ ಗುರುತು ಓಡುವ ದಿಕ್ಕಿಗಿದೆಯೇ ಎಂದೂ ನೋಡಿ.

ಈಗ ಕೋನ್ ಸೆಟ್. ಪರಸಿ ಹಾಸಿದ ಸಮನೆಲದ ಮೇಲೆ ಗಾಡಿಯನ್ನು ಮೇನ್ ಸ್ಟ್ಯಾಂಡಿಗೆ ಹಾಕಿ, ಎಂಜಿನ್ ಕೆಳಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಿ. ಹ್ಯಾಂಡಲ್ ನೇರ ಇಟ್ಟು ಒಂದೇ ಬೆರಳಿನಿಂದ ಬಲಕ್ಕೆ ತಳ್ಳಿ, ಆಮೇಲೆ ಎಡಕ್ಕೆ. ಎರಡೂ ಕಡೆ ಅದು ತನ್ನ ಭಾರಕ್ಕೆ ತಾನೇ ಬೀಳಬೇಕು. ನಡುವೆ ನಿಂತರೆ ಬಿಗಿ ಜಾಸ್ತಿಯಾಗಿದೆ. ಸರಿಯಾಗಿ ಮಧ್ಯದಲ್ಲಿ ಕಚ್ಚಿ ಹಿಡಿದಂತಾದರೆ ಬಾಲ್ ಓಡುವ ಬಟ್ಟಲಿನಲ್ಲಿ ಕುಳಿ ಬಿದ್ದಿದೆ. ಅದನ್ನು ಬಿಗಿ-ಸಡಿಲು ಮಾಡಿ ಸರಿಪಡಿಸಲಾಗದು, ಸೆಟ್ಟೇ ಬದಲಾಗಬೇಕು. ಹೊಸ ಸೆಟ್ಟಿನಲ್ಲೂ ಇಂಥದ್ದು ಕಂಡರೆ ಬಟ್ಟಲನ್ನು ಸುತ್ತಿಗೆಯಿಂದ ವಾರೆಯಾಗಿ ಬಡಿದಿರಬಹುದು, ಅಥವಾ ಅದು ಪೂರ್ತಿ ತಳಕ್ಕೆ ಕೂತಿಲ್ಲದಿರಬಹುದು.

ಬಿಗಿಯಾದರೆ ಏನಾಯ್ತು, ಬೇಗ ಸಡಿಲಾಗುವುದಿಲ್ಲವಲ್ಲ ಎಂದು ಕೆಲವು ಮಿಸ್ತ್ರಿಗಳು ಬೇಕೆಂದೇ ಒಂದು ಸುತ್ತು ಹೆಚ್ಚು ತಿರುಗಿಸುತ್ತಾರೆ. ನನ್ನ ಪ್ರಕಾರ ರಿಪೇರಿ ಆದ ಮೇಲೆ ಬರುವ ದೂರುಗಳಲ್ಲಿ ದೊಡ್ಡ ಪಾಲು ಈ ಒಂದು ಸುತ್ತಿನದೇ. ಬೈಕ್ ನೇರ ಹೋಗುವಾಗಲೂ ಮುಂದಿನ ಚಕ್ರ ಸುಮ್ಮನಿರುವುದಿಲ್ಲ. ಗಾಡಿ ಎಡಕ್ಕೆ ವಾಲಿದರೆ ಚಕ್ರ ಎಡಕ್ಕೆ ಚೂರು ತಿರುಗಿ ಅದನ್ನು ಎತ್ತಿ ನಿಲ್ಲಿಸುತ್ತದೆ. ಕೋನ್ ಬಿಗಿಯಾದರೆ ಆ ಸಣ್ಣ ತಿದ್ದುಪಡಿ ನಿಂತುಹೋಗುತ್ತದೆ, ಆ ಕೆಲಸ ನಿಮ್ಮ ತೋಳಿಗೆ ಬರುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಗದ್ದಲದಲ್ಲಿ ನಿಧಾನ ಹೋಗುವಾಗ ಗಾಡಿ ಹಾವಿನಂತೆ ಹರಿದಾಡುವುದು ಇದಕ್ಕೇ.

ಸರಿಯಾದ ಕ್ರಮ ಹೀಗೆ. ಫೋರ್ಕ್ ಪೈಪುಗಳನ್ನು ಮೇಲೊಂದು, ಕೆಳಗೊಂದು ಅಡ್ಡಪಟ್ಟಿ ಹಿಡಿದಿರುತ್ತವೆ, ಅವಕ್ಕೆ ಟಿ ಅನ್ನುತ್ತಾರೆ. ಮೇಲಿನ ಟಿಯಲ್ಲಿ ಪೈಪುಗಳನ್ನು ಹಿಡಿಯುವ ಬೋಲ್ಟ್‌ಗಳನ್ನು ಸಡಿಲಿಸಿ. ಕೋನಿನ ನಟ್ ಅನ್ನು ಮೊದಲು ಸ್ವಲ್ಪ ಗಟ್ಟಿಯಾಗಿಯೇ ಬಿಗಿದು, ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ಐದಾರು ಸಲ ತಿರುಗಿಸಿ ಬಾಲ್‌ಗಳನ್ನು ಕೂರಿಸಿ. ಆಮೇಲೆ ನಟ್ ಪೂರ್ತಿ ಸಡಿಲಿಸಿ, ಅಲುಗಾಟ ಹೋಗುವಷ್ಟೇ ಮತ್ತೆ ಬಿಗಿಯಿರಿ. ನಂತರ ಮೇಲಿನ ಟಿಯ ನಡುವಿನ ದೊಡ್ಡ ನಟ್, ಕೊನೆಗೆ ಟಿ ಬೋಲ್ಟ್‌ಗಳು. ದೊಡ್ಡ ನಟ್ ಬಿಗಿದಾಗ ಅದು ಕೋನನ್ನೂ ಒಂದಿಷ್ಟು ಒತ್ತುತ್ತದೆ, ಆದ್ದರಿಂದ ಬೆರಳಿನ ಪರೀಕ್ಷೆ ಅದಾದ ಮೇಲೆ ಇನ್ನೊಮ್ಮೆ ಆಗಲೇಬೇಕು. ಹೆಡ್‌ಲೈಟ್ ಹಿಂದೆ ಕ್ಲಚ್ ಕೇಬಲ್, ವೈರಿಂಗ್ ಸಿಕ್ಕಿಕೊಂಡಿದ್ದರೂ ಹ್ಯಾಂಡಲ್ ಬಿಗಿ ಅನ್ನಿಸುತ್ತದೆ. ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ ತಾನೇ ರೇಸ್ ಆದರೆ ಎಕ್ಸಲರೇಟರ್ ಕೇಬಲ್ ಎಳೆದುಕೊಂಡಿದೆ. ಅದನ್ನು ಹಾಗೇ ಬಿಟ್ಟು ಓಡಿಸಬೇಡಿ.

ಸಡಿಲಾದರೆ ಲಕ್ಷಣ ಬೇರೆ. ಮುಂದಿನ ಬ್ರೇಕ್ ಹಿಡಿದಾಗ ಟಕ್ ಅನ್ನುತ್ತದೆ, ವೇಗ ಅರವತ್ತರಿಂದ ನಲವತ್ತಕ್ಕೆ ಇಳಿಯುವಾಗ ಹ್ಯಾಂಡಲ್ ನಡುಗುತ್ತದೆ. ಚಕ್ರ ಎತ್ತಿಯೇ ಇರಲಿ, ಫೋರ್ಕಿನ ಬುಡ ಹಿಡಿದು ಹಿಂದೆ ಮುಂದೆ ಎಳೆಯಿರಿ, ಜೊತೆಗಿರುವವರು ಕೆಳಗಿನ ಟಿ ಮತ್ತು ಫ್ರೇಮ್ ಕೂಡುವಲ್ಲಿ ಬೆರಳಿಡಲಿ. ಅಲುಗಾಟ ಅಲ್ಲಿ ಸಿಕ್ಕರೆ ಕೋನ್. ಅಲ್ಲಿ ಸಿಗದೆ ಪೈಪ್ ಮತ್ತು ಅದು ಜಾರುವ ಕೆಳಗಿನ ಕೊಳವೆಯಾದ ಫೋರ್ಕ್ ಬಾಟಮ್ ನಡುವೆ ಸಿಕ್ಕರೆ ಬುಷ್ ಅಥವಾ ಪೈಪ್ ಸವೆದಿದೆ. ಈ ಎರಡನ್ನು ಬೇರೆ ಮಾಡದೆ ಕೋನಿನ ಮೇಲೆ ಕೋನ್ ಹಾಕಿಸಿ ಪ್ರಯೋಜನವಿಲ್ಲ.

ಒಂದು ಕಡೆ ಎಳೆಯುವ ಗಾಡಿಗೆ ಫೋರ್ಕ್ ಪೈಪುಗಳ ಎತ್ತರ ನೋಡಿ. ಮೇಲಿನ ಟಿಯಿಂದ ಎರಡೂ ಒಂದೇ ಅಳತೆಗೆ ಇರಬೇಕು. ಎಕ್ಸೆಲ್, ಅಂದರೆ ಚಕ್ರದ ಅಚ್ಚಿನ, ನಟ್ ಬಿಗಿದು, ಅಚ್ಚನ್ನು ಫೋರ್ಕಿಗೆ ಅಮುಕಿ ಹಿಡಿಯುವ ಪಿಂಚ್ ಬೋಲ್ಟ್ ಪಕ್ಕದಲ್ಲಿದ್ದರೆ ಅದನ್ನು ಸಡಿಲವಾಗಿಯೇ ಬಿಟ್ಟು, ಚಕ್ರ ನೆಲಕ್ಕಿಳಿಸಿ ಬ್ರೇಕ್ ಹಿಡಿದು ಫೋರ್ಕನ್ನು ಏಳೆಂಟು ಸಲ ಒತ್ತಿ, ಆಮೇಲಷ್ಟೇ ಪಿಂಚ್ ಬೋಲ್ಟ್ ಬಿಗಿಯಬೇಕು. ಉಲ್ಟಾ ಮಾಡಿದರೆ ಫೋರ್ಕ್ ಕಾಲುಗಳು ಒಳಕ್ಕೋ ಹೊರಕ್ಕೋ ಎಳೆದುಕೊಂಡು ನಿಲ್ಲುತ್ತವೆ, ಆಡುವಾಗ ಬಿಗಿ ಹಿಡಿಯುತ್ತವೆ. ಚಕ್ರದ ಎರಡು ಬದಿಗೆ ಎಕ್ಸೆಲ್ ಮೇಲೆ ಕೂರುವ ಕಾಲರ್‌ಗಳು ಅದಲುಬದಲಾಗಿದ್ದರೆ ಚಕ್ರ ನಡುವೆ ಕೂರುವುದಿಲ್ಲ. ಡ್ರಮ್ ಬ್ರೇಕಿನ ಗಾಡಿಯಲ್ಲಿ ಬ್ರೇಕ್ ಪ್ಲೇಟಿನ ಕಚ್ಚು ಫೋರ್ಕ್ ಬಾಟಮಿನ ಗೂಟಕ್ಕೆ ಕೂತಿರಲೇಬೇಕು. ಕೂರದಿದ್ದರೆ ಬ್ರೇಕ್ ಒತ್ತಿದ ಕೂಡಲೇ ಪ್ಲೇಟೇ ತಿರುಗಿ ಚಕ್ರ ಹಿಡಿದುಬಿಡುತ್ತದೆ. ಇದೊಂದು ಪ್ರಾಣಕ್ಕೆ ಸಂಬಂಧಿಸಿದ ಮಾತು, ಗ್ಯಾರೇಜ್ ಬಿಡುವ ಮುಂಚೆ ಕಣ್ಣಾರೆ ನೋಡಿ.

ಹಿಂದಿನ ಚಕ್ರ ವಾರೆಯಾಗಿದ್ದರೂ ಮುಂದೆ ಎಳೆದಂತೆಯೇ ಅನ್ನಿಸುತ್ತದೆ. ಚೈನ್ ಅಡ್ಜಸ್ಟರಿನ ಗೆರೆಗಳನ್ನು ನಾನು ಪೂರ್ತಿ ನಂಬುವುದಿಲ್ಲ. ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮ್ ಫ್ರೇಮಿಗೆ ಕೂಡುವ ಬೋಲ್ಟಿನ ನಡುವಿನಿಂದ ಎಕ್ಸೆಲ್ ನಡುವಿನವರೆಗೆ ಎರಡೂ ಬದಿ ಟೇಪ್ ಹಿಡಿದು ಅಳೆಯಿರಿ. ಆಮೇಲೆ ಹಿಂದಿನ ಟೈರಿಗೆ ದಾರ ಸುತ್ತಿ ಎರಡೂ ಪಕ್ಕದಿಂದ ಮುಂದಕ್ಕೆ ಎಳೆಯಿರಿ, ದಾರ ಹಿಂದಿನ ಟೈರಿನ ಎರಡೂ ಅಂಚಿಗೆ ತಾಗುವಂತಿರಲಿ. ಹಿಂದೆ 3.00, ಮುಂದೆ 2.75 ಇಂಚಿನ ಟೈರ್ ಇದ್ದರೆ ಮುಂದಿನ ಟೈರಿನ ಎರಡೂ ಪಕ್ಕ ಸುಮಾರು 3 ಮಿಲಿಮೀಟರ್ ಸಂದು ಸಮನಾಗಿ ಕಾಣಬೇಕು.

ಫೋರ್ಕ್ ಆಯಿಲ್ ವಿಷಯದಲ್ಲಿ ಒಂದು ಕೆಟ್ಟ ರೂಢಿ ಇದೆ: ಉಳಿದ ಎಂಜಿನ್ ಆಯಿಲ್ ಸುರಿಯುವುದು. 20ಡಬ್ಲ್ಯು-40 ದರ್ಜೆಯ ಎಂಜಿನ್ ಆಯಿಲ್ ದಪ್ಪನೆಯದು, ಒತ್ತಿದ ಫೋರ್ಕ್ ಬೇಗ ಮೇಲೇಳುವುದಿಲ್ಲ. ಹುಮನಾಬಾದ್ ರಸ್ತೆಯಲ್ಲಿ ಸಾಲು ಉಬ್ಬುಗಳು ಬಂದಾಗ ಒಂದರಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬಡಿಯುತ್ತದೆ, ಫೋರ್ಕ್ ಕೆಳಗೇ ಉಳಿದು ಕಲ್ಲಾಗುತ್ತದೆ. ಪುಸ್ತಕದಲ್ಲಿ ಹೇಳಿದ ದರ್ಜೆ, ಹೇಳಿದ ಮಿಲಿ ಲೀಟರ್, ಎರಡೂ ಕಾಲಿಗೆ ಅಳತೆ ಲೋಟದಿಂದಲೇ ಹಾಕಿಸಿ. ಪೂರ್ತಿ ಬಿಚ್ಚದೆ ಕೆಳಗಿನಿಂದ ಬಸಿದಿದ್ದರೆ ಹಳೆಯದು ಸ್ವಲ್ಪ ಒಳಗೇ ಉಳಿದಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೆಚ್ಚಾದರೆ ಮೇಲೆ ಗಾಳಿಗೆ ಜಾಗ ಕಡಿಮೆಯಾಗಿ ಹೊಸ ಸೀಲೇ ಸೋರುತ್ತದೆ. ಕಡಿಮೆಯಾದರೆ ಬ್ರೇಕಿಗೆ ಮೂತಿ ಕುಕ್ಕುತ್ತದೆ.

ಹಿಂದಿನ ಶಾಕ್ ಅಬ್ಸಾರ್ಬರ್ ಬದಲಿಸುವಾಗ ಉದ್ದ ನೋಡಿಕೊಳ್ಳಿ. ಹಳೆಯದಕ್ಕಿಂತ ಉದ್ದವಾದುದು ಹಾಕಿದರೆ ಹಿಂಬದಿ ಎದ್ದು ಮುಂದಿನ ಫೋರ್ಕ್ ನೆಟ್ಟಗಾಗುತ್ತದೆ, ಹ್ಯಾಂಡಲ್ ಚಂಚಲವಾಗುತ್ತದೆ. ಸ್ಪ್ರಿಂಗ್ ಮೆತ್ತಗಾಗಿ ಹಿಂದೆ ತೊಗರಿ ಚೀಲ ಹೇರಿದಾಗ ಅದರ ಉಲ್ಟಾ: ಮುಂಭಾಗ ಹಗುರಾಗಿ ತಿರುವಿನಲ್ಲಿ ಗಾಡಿ ಹೊರಕ್ಕೆ ಜಾರುತ್ತದೆ, ವೇಗದಲ್ಲಿ ಇಡೀ ಗಾಡಿ ನಿಧಾನವಾಗಿ ತೂಗಾಡುತ್ತದೆ. ಎರಡೂ ಬದಿಯ ಶಾಕ್‌ನಲ್ಲಿ ಸ್ಪ್ರಿಂಗ್ ಬಿಗಿ ಹೊಂದಿಸುವ ಕಚ್ಚು ಒಂದೇ ಹೆಜ್ಜೆಯಲ್ಲಿರಲಿ. ತೂಗಾಟ ಹೋಗದಿದ್ದರೆ ಸ್ಟ್ಯಾಂಡಿನ ಮೇಲೆ ಹಿಂದಿನ ಚಕ್ರವನ್ನು ಪಕ್ಕಕ್ಕೆ ಅಲ್ಲಾಡಿಸಿ. ಸ್ವಿಂಗ್ ಆರ್ಮ್ ಸಮೇತ ಅಲುಗಿದರೆ ಅದರ ಬುಷ್, ಚಕ್ರ ಮಾತ್ರ ಅಲುಗಿದರೆ ಬೇರಿಂಗ್.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬೆಳಗಿನ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿ. ನಮ್ಮ ರಸ್ತೆಗಳು ಅಂಚಿನ ಕಡೆ ಇಳಿಜಾರಾಗಿರುವುದರಿಂದ ಸರಿಯಾದ ಗಾಡಿಯೂ ಎಡಕ್ಕೆ ಚೂರು ಸರಿಯುತ್ತದೆ; ಸಮತಟ್ಟು ಜಾಗ ಸಿಗುವವರೆಗೆ ತೀರ್ಮಾನ ಬೇಡ. ಎರಡೂ ಕೈ ಬಿಟ್ಟು ಪರೀಕ್ಷೆ ಮಾಡುವ ಸಾಹಸ ಬೇಡವೇ ಬೇಡ, ಹಿಡಿತ ಸಡಿಲಿಸಿದರೆ ಸಾಕು, ಗೊತ್ತಾಗುತ್ತದೆ. ನಡುಕ ಜೋರಾದರೆ ಬ್ರೇಕ್ ಗಟ್ಟಿ ಹಿಡಿಯದೆ ಎಕ್ಸಲರೇಟರ್ ಮೆಲ್ಲಗೆ ಇಳಿಸಿ. ಹೊಸ ಕೋನ್ ಸೆಟ್ ಕೂತುಕೊಳ್ಳುವಾಗ ಸಡಿಲಾಗುವುದು ಸಹಜ, ಆದ್ದರಿಂದ 500 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಚಕ್ರ ಎತ್ತಿ ನೋಡಿಸಿ. ನಮಸ್ಕಾರ.