ಮಂದಗಾಳಿಗೆ ಎಂಥ ಕೈಟ್?

ಈಗ ಪರದೆಯ ಮೇಲೆ ಕಾಣುತ್ತಿರುವುದು ಮೈಸೂರಿನಲ್ಲಿರುವ ನಮ್ಮ ಮನೆಯ ಹಿತ್ತಲು. ಹಲಸಿನ ಕೊಂಬೆಗೆ ನೇತುಹಾಕಿರುವುದು ನಮ್ಮ ಅಜ್ಜಿ ಹುಣಸೆಹಣ್ಣು ತೂಗಿ ಮಾರುತ್ತಿದ್ದ ಕಾಲದ ಸ್ಪ್ರಿಂಗ್ ತಕ್ಕಡಿ. ಅದರ ಕೊಕ್ಕೆಯಲ್ಲಿ ಇವತ್ತು ತೂಗಾಡುತ್ತಿರುವುದು 14 ಚದರ ಮೀಟರಿನ ನನ್ನ ಹಳೆಯ ಕೈಟ್, ಅಂದರೆ ಬೋರ್ಡಿನ ಮೇಲೆ ನಿಂತವನನ್ನು ಹಗ್ಗದಿಂದ ನೀರಿನ ಮೇಲೆ ಎಳೆದೊಯ್ಯುವ ದೊಡ್ಡ ಗಾಳಿಪಟ. ಮುಳ್ಳು 4.6 ಕಿಲೋ ತೋರಿಸುತ್ತಿದೆ. ಮಂದಗಾಳಿಯಲ್ಲಿ ಹೈಡ್ರೋಫಾಯಿಲ್, ಅಂದರೆ ಅಡಿಯಲ್ಲಿ ರೆಕ್ಕೆಯಿರುವ ಬೋರ್ಡಿನ, ಸವಾರಿಗೆಂದು ಕೈಟ್ ಆರಿಸಹೊರಟವರು ಮೊದಲು ನೋಡುವುದು ಅದರ ವಿಸ್ತೀರ್ಣವನ್ನು. ಗಾಳಿ ಕಡಿಮೆಯಿದ್ದರೆ ಕೈಟ್ ದೊಡ್ಡದಿರಬೇಕೆಂಬ ಲೆಕ್ಕ ಯಾರಿಗಾದರೂ ಹೊಳೆಯುವಂಥದ್ದೇ. ಆ ಲೆಕ್ಕವನ್ನು ನಂಬಿಯೇ ನಾನು ಇದನ್ನು ಕೊಂಡಿದ್ದೆ. ತೂಗಿ ನೋಡಬೇಕೆಂದು ತೋಚಿದ್ದು ಮಾತ್ರ, ಇದರ ಜೊತೆ ಒಂದು ಗಂಟೆ ಕಡಲಿನಲ್ಲಿ ಈಜಿದ ಮೇಲೆ.

ಮೈಸೂರಿನವನಿಗೆ ಕಡಲೆಲ್ಲಿಯದು ಎಂದು ಕೇಳುವವರಿದ್ದಾರೆ. ವರ್ಷಕ್ಕೆ ಎರಡು ಬಾರಿ, ಚಾಮರಾಜನಗರ ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಮಧುರೆಯನ್ನು ಹಾದು ನಾನು ರಾಮೇಶ್ವರಕ್ಕೆ ಹೋಗುತ್ತೇನೆ. ಆ ದ್ವೀಪದ ಒಂದು ಮಗ್ಗುಲಿಗೆ ಪಾಕ್ ಕೊಲ್ಲಿ, ಇನ್ನೊಂದಕ್ಕೆ ಮನ್ನಾರ್ ಕೊಲ್ಲಿ. ಗಾಳಿ ಈಶಾನ್ಯದಿಂದ ಬೀಸಿದರೂ ನೈಋತ್ಯದಿಂದ ಬೀಸಿದರೂ ಒಂದಲ್ಲ ಒಂದು ದಂಡೆ ಒದಗುತ್ತದೆ. ಎರಡು ವರ್ಷದ ಹಿಂದೆ, ಹಿಂಗಾರಿನ ಗಾಳಿ ಇಳಿಮುಖವಾಗಿದ್ದ ಹೊತ್ತಿನಲ್ಲಿ, 10 ನಾಟ್, ಅಂದರೆ ಗಂಟೆಗೆ ಹದಿನೆಂಟೂವರೆ ಕಿಲೋಮೀಟರಿನ ಗಾಳಿಯನ್ನು ನೆಚ್ಚಿಕೊಂಡು ನೀರಿಗಿಳಿದೆ. ದಂಡೆಯಿಂದ ಮುನ್ನೂರು ಮೀಟರಿನಷ್ಟು ದೂರ ಹೋಗಿ ಬೋರ್ಡ್ ತಿರುಗಿಸುವಷ್ಟರಲ್ಲಿ ಗಾಳಿ ಉಸಿರು ಬಿಗಿಹಿಡಿದಂತೆ ನಿಂತುಹೋಯಿತು. ಹಗ್ಗಗಳು ಜೋತುಬಿದ್ದವು, ಕೈಟ್ ಒಂದು ಕ್ಷಣ ಅತ್ತಿತ್ತ ವಾಲಾಡಿ, ನೆನೆದ ಕಂಬಳಿಯ ಹಾಗೆ ನೀರಿನ ಮೇಲೆ ಬಿತ್ತು. ಹಿಂಬದಿಯ ಹಗ್ಗವೊಂದನ್ನು ಹದವಾಗಿ ಎಳೆದು, ಕೈಟನ್ನು ಗಾಳಿಯ ಅಂಚಿಗೆ ಉರುಳಿಸಿ, ಅಲ್ಲಿಂದ ಮೇಲೇರಿಸುವುದು ಕ್ರಮ. ಇದು ಮೂಗೆತ್ತುತ್ತಿತ್ತು, ಮತ್ತೆ ಮಲಗುತ್ತಿತ್ತು. ಕೊನೆಗೆ ಹಗ್ಗಗಳನ್ನು ಬಾರ್ ಎಂಬ ಕೈಹಿಡಿಯ ಕೋಲಿಗೆ ಸುತ್ತಿ, ಕೈಟನ್ನೇ ತೆಪ್ಪ ಮಾಡಿಕೊಂಡು ಈಜಿದೆ. ಮೈಮೇಲೆ ಲೈಫ್ ಜಾಕೆಟ್ ಇತ್ತು, ಇದ್ದಷ್ಟು ಗಾಳಿಯೂ ದಂಡೆಯ ಕಡೆಗೇ ಓರೆಯಾಗಿತ್ತು. ದಂಡೆಯಿಂದ ಕಡಲಿನತ್ತ ಬೀಸುವ ಗಾಳಿಯಿದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು, ಅಂಥ ಗಾಳಿಗೆ ನಾನು ಇಳಿಯುವುದೂ ಇಲ್ಲ.

ಹೊಸಬರಿಗಾಗಿ ಒಂದು ಮಾತು. ಬೋರ್ಡಿನ ಅಡಿಯಲ್ಲಿ ಒಂದು ಕಂಬ, ಅದರ ತುದಿಯಲ್ಲಿ ವಿಮಾನದ ರೆಕ್ಕೆಗಳಂಥ ಎರಡು ರೆಕ್ಕೆ. ಹೈಡ್ರೋಫಾಯಿಲ್ ಎಂದರೆ ಇಷ್ಟೇ. ಸ್ವಲ್ಪ ವೇಗ ಸಿಕ್ಕೊಡನೆ ಬೋರ್ಡ್ ನೀರನ್ನು ಬಿಟ್ಟು ಮೇಲೇಳುತ್ತದೆ, ಎದ್ದ ಮೇಲೆ ನೀರಿನ ತಡೆ ತೀರ ಕಡಿಮೆಯಾಗುತ್ತದೆ. ಮಾಮೂಲಿ ಬೋರ್ಡಿನವರು 12 ರಿಂದ 15 ನಾಟ್ ಗಾಳಿಗಾಗಿ ದಂಡೆಯ ಮೇಲೆ ಕಾದು ಕುಳಿತಿರುವಾಗ ಫಾಯಿಲಿನವರು 8 ನಾಟಿಗೇ ಹೊರಟುಹೋಗಿರುವುದು ಇದೇ ಕಾರಣಕ್ಕೆ. ಹಾಗಾಗಿ ಮಂದಗಾಳಿಯಲ್ಲಿ ನಮ್ಮನ್ನು ಎಳೆಯುವ ಕೆಲಸ ಕೈಟಿಗೆ ದೊಡ್ಡದಲ್ಲ. ಬೀಳದೆ ಆಕಾಶದಲ್ಲಿ ನಿಲ್ಲುವುದೇ ಅದರ ದೊಡ್ಡ ಕೆಲಸ.

ಈ ದೃಶ್ಯ ಕೃಷ್ಣರಾಜಸಾಗರದ ಹಿನ್ನೀರಿನದು. ಹಿಂದೆ ಕಾಣುತ್ತಿರುವುದು ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ. ಈ ನೀರನ್ನು ಕಂಡಾಗಲೆಲ್ಲ ನನ್ನ ಅಂಗಾಲು ತುರಿಸುತ್ತದೆಯಾದರೂ, ಇದು ಅಣೆಕಟ್ಟೆಯ ಜಲಾಶಯ, ಮನಸ್ಸಿಗೆ ಬಂದಂತೆ ಇಳಿಯುವ ಜಾಗವಲ್ಲ. ನಾನು ಬಂದಿದ್ದು ಗಾಳಿಯನ್ನು ಅಳೆಯಲು ಮಾತ್ರ. ಅಂಗೈ ಅಗಲದ ಅನಿಮೋಮೀಟರನ್ನು ಎತ್ತಿ ಹಿಡಿದು, ಎರಡು ನಿಮಿಷದಲ್ಲಿ ಏಳು ಸಲ ಅದರ ಅಂಕಿಯನ್ನು ಬರೆದುಕೊಂಡೆ: 9, 10, 7, 4, 4, 8, 11. ಸರಾಸರಿ ಏಳೂವರೆ ನಾಟ್. ಫಾಯಿಲ್ ಸವಾರನಿಗೆ ಸಾಲದ ಗಾಳಿಯೇನಲ್ಲ. ಆದರೆ ಕೈಟ್ ಹಾರುವುದು ಸರಾಸರಿಯಲ್ಲಲ್ಲ. ಅದು ಬೀಳುವುದು ನಡುವೆ ಇರುವ ಆ ಎರಡು ನಾಲ್ಕುಗಳಲ್ಲಿ.

ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 8 ನಾಟಿನ ಗಾಳಿ 4ಕ್ಕೆ ಇಳಿದರೆ ಬಲ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. 4 ನಾಟ್ ಎಂದರೆ ಸೆಕೆಂಡಿಗೆ ಎರಡು ಮೀಟರಿಗಿಂತ ತುಸು ಹೆಚ್ಚು. ಅಷ್ಟು ಗಾಳಿ ಒಂದು ಚದರ ಮೀಟರ್ ಬಟ್ಟೆಯಿಂದ ಎತ್ತಿ ಹಿಡಿಯಬಲ್ಲ ತೂಕ, ಒರಟು ಲೆಕ್ಕದಲ್ಲಿ, ಸುಮಾರು 250 ಗ್ರಾಂ. ಈಗ ಅಜ್ಜಿಯ ತಕ್ಕಡಿಗೆ ಮರಳೋಣ. 4.6 ಕಿಲೋವನ್ನು 14ರಿಂದ ಭಾಗಿಸಿದರೆ ಚದರ ಮೀಟರಿಗೆ 330 ಗ್ರಾಂ ಬರುತ್ತದೆ. ಗಾಳಿ ಹೊರಬಲ್ಲುದು 250, ಹೊರಬೇಕಾದದ್ದು 330. ಕೈಟ್ ಬೀಳದೆ ಇನ್ನೇನು ಮಾಡೀತು? ಇದೇ ಮಾದರಿಯಲ್ಲಿ ಹದಿನೇಳು ಮೀಟರಿನದನ್ನು ಕೊಂಡಿದ್ದರೂ ಫಲ ಇದೇ ಆಗುತ್ತಿತ್ತು. ವಿಸ್ತೀರ್ಣ ಹೆಚ್ಚಿದಂತೆ, ಕೈಟಿಗೆ ಆಕಾರ ಕೊಡುವ ಗಾಳಿ ತುಂಬಿದ ಟ್ಯೂಬುಗಳೂ ದಪ್ಪವಾಗುತ್ತವೆ, ತೂಕವೂ ಅದರ ಹಿಂದೆಯೇ ಏರುತ್ತದೆ. ನೀರಿಗೆ ಬಿದ್ದು ಒದ್ದೆಯಾದ ಬಟ್ಟೆಯ ತೂಕವನ್ನು ನಾನಿನ್ನೂ ಲೆಕ್ಕಕ್ಕೆ ಹಿಡಿದೇ ಇಲ್ಲ.

ಇದು ಕಡಲ ದಂಡೆಯಲ್ಲಿ ಕಲಿಯಬೇಕಾದ ವಿದ್ಯೆಯೂ ಆಗಿರಲಿಲ್ಲವೆಂಬುದು ಆಮೇಲೆ ನೆನಪಾಗಿ ನಗು ಬಂತು. ಆಷಾಢದಲ್ಲಿ ಗಾಳಿಪಟ ಕಟ್ಟುವಾಗ ನಮ್ಮ ತಾತ ಬಿದಿರುಕಡ್ಡಿಯನ್ನು ಒಡೆದ ಗಾಜಿನ ಚೂರಿನಿಂದ ಹೆರೆಯುತ್ತ ಕೂರುತ್ತಿದ್ದರು. ಬೆರಳ ಮೇಲೆ ಕಡ್ಡಿಯನ್ನು ಇಟ್ಟು ತೂಗಿ, ಮತ್ತೆ ಹೆರೆಯುತ್ತಿದ್ದರು. ಗಾಳಿ ಜೋರಾಗಿದ್ದರೆ ದಪ್ಪ ಕಡ್ಡಿಗೆ ಉದ್ದನೆಯ ಬಾಲಂಗೋಚಿ, ಗಾಳಿ ಸತ್ತಿದ್ದರೆ ತೆಳು ಕಡ್ಡಿ, ತೆಳು ಕಾಗದ, ಗೇಣುದ್ದದ ಬಾಲ. ಪಟವನ್ನು ದೊಡ್ಡದು ಮಾಡೋಣ ಎಂದು ನಾನು ಹಟ ಹಿಡಿದದ್ದೂ, ಅವರು ಕಿವಿಗೆ ಹಾಕಿಕೊಳ್ಳದೆ ಹೆರೆಯುತ್ತಲೇ ಇದ್ದದ್ದೂ ಚೆನ್ನಾಗಿ ನೆನಪಿದೆ.

ತೂಕ ಒಂದು ಮಾತಾದರೆ, ತಿರುಗುವ ಚುರುಕು ಇನ್ನೊಂದು. ಫಾಯಿಲ್ ಸವಾರನಿಗೆ ಹೆಚ್ಚಿನ ಎಳೆತ ಬೇಕಾಗುವುದು ಬೋರ್ಡ್ ನೀರಿನಿಂದ ಮೇಲೇಳುವ ಆ ನಾಲ್ಕೈದು ಸೆಕೆಂಡುಗಳಲ್ಲಿ ಮಾತ್ರ. ಆಗ ಕೈಟನ್ನು ಒಂದೇ ಕಡೆ ನಿಲ್ಲಿಸದೆ ಮೇಲೆ ಕೆಳಗೆ ಬೀಸಾಡಿಸಬೇಕು, ಅಡ್ಡಲಾದ ಎಂಟರ ಆಕಾರದಲ್ಲಿ ಓಡಿಸಬೇಕು. ಹಾಗೆ ಓಡುವ ಕೈಟ್ ತನ್ನ ಓಟದಿಂದಲೇ ತನಗೆ ಬೇಕಾದ ಗಾಳಿಯನ್ನು ಹುಟ್ಟಿಸಿಕೊಳ್ಳುತ್ತದೆ. 14 ಮೀಟರಿನದು ತಿರುಗುವ ಪರಿ, ಕಿರಿದಾದ ಓಣಿಯಲ್ಲಿ ಕಬ್ಬಿನ ಗಾಡಿ ತಿರುಗಿಸಿದ ಹಾಗೆ. 10 ಮೀಟರಿನದು ಬಾರನ್ನು ಎಳೆದ ಕಡೆಗೆ ತಟ್ಟನೆ ತಿರುಗುತ್ತದೆ. ಒಮ್ಮೆ ಎದ್ದು ಓಡತೊಡಗಿದ ಮೇಲಂತೂ ಗಾಳಿಯ ಲೆಕ್ಕವೇ ಬದಲಾಗುತ್ತದೆ: 8 ನಾಟಿನ ಗಾಳಿಗೆ ಅಡ್ಡಲಾಗಿ 12 ನಾಟ್ ವೇಗದಲ್ಲಿ ಹೋಗುತ್ತಿದ್ದರೆ ಕೈಟಿಗೆ ತಾಗುವುದು 14 ನಾಟಿಗೂ ಮಿಗಿಲಾದ ಗಾಳಿ. ಆದರೆ ಮರಳಲೆಂದು ಗಾಳಿಯ ಬೆನ್ನಿಗೆ ತಿರುಗಿದ ಕ್ಷಣ, ಹೀಗೆ ಗಳಿಸಿದ್ದೆಲ್ಲ ಕೈಬಿಟ್ಟುಹೋಗಿ, ಕೈಟಿನ ಕಡೆಗೇ ನಾವು ಓಡುವುದರಿಂದ ಹಗ್ಗ ಸಡಿಲಾಗುತ್ತದೆ. ರಾಮೇಶ್ವರದಲ್ಲಿ ನಾನು ಬಿದ್ದದ್ದು ಸರಿಯಾಗಿ ಆ ಕ್ಷಣದಲ್ಲಿ. ಗಾಳಿ ನಿಂತಿತೆಂದು ಮೊದಲು ಹೇಳಿದೆನಲ್ಲ, ಅದರಲ್ಲಿ ಅರ್ಧ ತಪ್ಪು ನನ್ನ ತಿರುವಿನದು.

ಹಾಗಾದರೆ ಯಾವ ಜಾತಿಯ ಕೈಟ್? ತಿಳಿದವರು ಮೊದಲು ತೋರಿಸುವುದು ಫಾಯಿಲ್ ಕೈಟನ್ನು. ಹೆಸರು ಒಂದೇ ಆದರೂ ನೀರಿನ ಕೆಳಗಿನ ಫಾಯಿಲಿಗೂ ಇದಕ್ಕೂ ಸಂಬಂಧವಿಲ್ಲ. 1964ರಲ್ಲಿ ಅಮೆರಿಕದ ಡೊಮಿನಾ ಜಾಲ್ಬರ್ಟ್ ರೂಪಿಸಿದ ಪ್ಯಾರಾಫಾಯಿಲಿನ ವಂಶದ್ದು ಇದು; ಎರಡು ಪದರ ಬಟ್ಟೆಯ ನಡುವೆ ಕೋಣೆಗಳು, ಮುಂದಿನ ಬಾಯಿಗಳಿಂದ ಗಾಳಿ ಹೊಕ್ಕು ಅವು ಉಬ್ಬುತ್ತವೆ. ಪಂಪು ಬೇಡ, ಮಡಚಿದರೆ ಬೆನ್ನಚೀಲದಲ್ಲಿ ಅಡಗುತ್ತದೆ, ಗಾಳಿಯೆದುರು ಓರೆಯಾಗಿ ಏರುವುದರಲ್ಲಿ ಇದಕ್ಕೆ ಸಾಟಿಯಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೈಟ್ ಸ್ಪರ್ಧೆ ನಡೆದಾಗ ಮಾರ್ಸೇಯ ಕಡಲಿನಲ್ಲಿ ಕಂಡದ್ದೆಲ್ಲ ಇಂಥವೇ. ಬ್ರಿಟನ್ನಿನ ಎಲ್ಲೀ ಆಲ್ಡ್ರಿಜ್, ಆಸ್ಟ್ರಿಯದ ವ್ಯಾಲೆಂಟಿನ್ ಬೊಂಟುಸ್ ಚಿನ್ನ ಗೆದ್ದದ್ದು ಇಂಥ ಕೈಟಿನಿಂದಲೇ. ಆ ದಿನಗಳಲ್ಲಿ ಅಲ್ಲಿಯೂ ಗಾಳಿ ಕೈಕೊಟ್ಟು ಸ್ಪರ್ಧಿಗಳು ಕಾದು ಕೂತಿದ್ದರೆಂಬುದು ನನ್ನಂಥವನಿಗೆ ಒಂದು ಸಮಾಧಾನ.

ಒಬ್ಬ ಸ್ನೇಹಿತರ ಫಾಯಿಲ್ ಕೈಟನ್ನು ನಾನು ಮೂರು ದಿನ ಬಳಸಿ ನೋಡಿದ್ದೇನೆ. 6 ನಾಟಿನಲ್ಲೂ ಅದು ಆಕಾಶದಲ್ಲಿ ಕೂತಿರುತ್ತದೆ, ಅದು ನಿಜ. ಆದರೆ ಅದರ ಸೂತ್ರ, ಅಂದರೆ ಬ್ರೈಡಲ್, ನಮ್ಮ ಗಾಳಿಪಟದ ಸೂತ್ರದಂತೆ ಎರಡು ಗಂಟಿನದಲ್ಲ. ಹತ್ತಾರು ಎಳೆಗಳು ಕವಲೊಡೆದು ಬಟ್ಟೆಯ ಉದ್ದಕ್ಕೂ ಹೋಗಿರುತ್ತವೆ, ಒಂದು ಎಳೆ ಸಿಕ್ಕಾದರೂ ಬಿಡಿಸುವಷ್ಟರಲ್ಲಿ ಸಂಜೆಯಾಗುತ್ತದೆ. ಎಳೆಗಳು ಬಳಕೆಯಿಂದ ಒಂದೊಂದು ಬಗೆಯಲ್ಲಿ ಹಿಗ್ಗಿ ಕುಗ್ಗುವುದರಿಂದ ಆಗಾಗ ಅಳತೆ ಹಿಡಿದು ಸರಿಪಡಿಸಬೇಕು. ಹಗ್ಗ ಸಡಿಲಾದರೆ ರೆಕ್ಕೆ ಮಡಿಚಿಕೊಳ್ಳುತ್ತದೆ. ನೀರಿನಲ್ಲಿ ಹೆಚ್ಚು ಹೊತ್ತು ಬಿದ್ದಿದ್ದರೆ, ಬಾಯಿಗೆ ಮುಚ್ಚಳವಿರುವ ಮಾದರಿಯಾದರೂ, ಕೋಣೆಗಳೊಳಗೆ ನೀರು ಜಿನುಗಿ, ಆಮೇಲೆ ಅದನ್ನು ಎಬ್ಬಿಸುವುದು ದೇವರಿಗೇ ಪ್ರೀತಿ. ತಿರುವಿನಲ್ಲಿ ಬೀಳುವುದನ್ನು ನಾನಿನ್ನೂ ಬಿಟ್ಟಿಲ್ಲ. ವರ್ಷಕ್ಕೆ ಹತ್ತು ಹನ್ನೆರಡು ದಿನ ನೀರು ಕಾಣುವವನು, ಬೀಳದವರಿಗೆಂದು ಮಾಡಿದ ಕೈಟನ್ನು ಕೊಳ್ಳಬಾರದೆಂಬುದು ನನ್ನ ತೀರ್ಮಾನ. ಒಂದೇ ಪದರದ ಬಟ್ಟೆಯ ಕೈಟುಗಳು ಇನ್ನೂ ಹಗುರ. ಅವನ್ನು ಹೆಚ್ಚಾಗಿ ನೆಲಕ್ಕೂ ಹಿಮಕ್ಕೂ ಬಳಸುತ್ತಾರೆ, ನಾನು ಅವುಗಳ ತಂಟೆಗೆ ಹೋಗಲಿಲ್ಲ.

ಉಳಿದದ್ದು ಗಾಳಿ ತುಂಬುವ ಟ್ಯೂಬ್ ಕೈಟ್. ಫ್ರಾನ್ಸಿನ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಸೋದರರು 1984ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಹಾಕಿದಾಗ ಅವರ ಮನಸ್ಸಿನಲ್ಲಿದ್ದದ್ದು, ನೀರಿಗೆ ಬಿದ್ದರೂ ಮತ್ತೆ ಏಳುವ ಕೈಟ್. ಮುಂದಂಚಿನ ದಪ್ಪ ಟ್ಯೂಬಿಗೆ ಅಡ್ಡಲಾಗಿ ಸ್ಟ್ರಟ್ ಎಂಬ ಸಣ್ಣ ಟ್ಯೂಬುಗಳಿರುತ್ತವೆ. ನನ್ನ ಹಳೆಯದರಲ್ಲಿ ಐದು ಸ್ಟ್ರಟ್; ಜೋರುಗಾಳಿಯಲ್ಲಿ ಆಕಾರ ಕೆಡದಿರಲು ಅವು ಬೇಕು, ಮಂದಗಾಳಿಯಲ್ಲಿ ಅವು ಬರೀ ಹೊರೆ. ಸ್ಟ್ರಟ್ಟೇ ಇಲ್ಲದ ಮಾದರಿ ತೀರ ಹಗುರ, ನೀರಿನಿಂದ ತಾನಾಗಿಯೇ ಮಗುಚಿ ಏಳುವಷ್ಟು ಸಡಿಲ ಮೈಯದು, ಆದರೆ ಬಾರನ್ನು ಮುಂದಕ್ಕೆ ಬಿಟ್ಟಾಗ ಬಟ್ಟೆ ಪಟಪಟನೆ ಬಡಿದುಕೊಳ್ಳುತ್ತದೆ; ಆ ಸದ್ದಿಗೆ ತಲೆನೋವು ಬರುತ್ತದೆ, ಬಟ್ಟೆಯ ಆಯುಸ್ಸೂ ಸವೆಯುತ್ತದೆ. ನಡುವೆ ಒಂದೇ ಸ್ಟ್ರಟ್ ಇರುವುದು ಆ ಬಡಿತವನ್ನು ತಡೆಯುತ್ತದೆ, ತೂಕವನ್ನು ಅಷ್ಟೇನೂ ಹೆಚ್ಚಿಸುವುದಿಲ್ಲ. ತಕ್ಕಡಿಯಲ್ಲಿ ಈಗ ಕಾಣುತ್ತಿರುವುದು ಅದೇ: 10 ಮೀಟರ್, ಒಂದು ಸ್ಟ್ರಟ್, 2.1 ಕಿಲೋ. ಚದರ ಮೀಟರಿಗೆ 210 ಗ್ರಾಂ.

ಕೊಳ್ಳುವ ಮೊದಲು ಅದನ್ನು ಪಾಂಡವಪುರದ ಹತ್ತಿರ ಸೋದರಮಾವನ ಹೊಲದಲ್ಲಿ ಹಾರಿಸಿ ನೋಡಿದೆ. ಸುತ್ತ ವಿದ್ಯುತ್ ತಂತಿಯಿಲ್ಲದ ಬಯಲು ಎಂದು ಆರಿಸಿದ್ದೆ, ಅದು ಸರಿ. ಕಬ್ಬು ಕಡಿದ ಹೊಲವೆಂಬುದನ್ನು ಮರೆತಿದ್ದೆ. ಈ ಭಾಗವನ್ನು ನಿಧಾನಗತಿಯಲ್ಲಿ ತೋರಿಸುತ್ತೇನೆ: ಗಾಳಿ ತಗ್ಗಿದಾಗ ನಾನು ಬೇಕೆಂದೇ ಕೈಟನ್ನು ನೆತ್ತಿಯ ಮೇಲೆ ನಿಲ್ಲಿಸಿದ್ದೇನೆ, ಹಗ್ಗ ಸಡಿಲಾಗುತ್ತಿದೆ, ಕೈಟ್ ಹಿಂದಕ್ಕೆ ಜಾರುತ್ತಿದೆ, ನಾನು ಎರಡು ಹೆಜ್ಜೆ ಹಿಂದಿಟ್ಟೆ, ಅಷ್ಟಕ್ಕೇ ಅದು ಮತ್ತೆ ಗಾಳಿ ಹಿಡಿಯಿತು. ಹೀಗೆ ಆರು ಸಲ. ಏಳನೆಯ ಸಲ ಅದು ಕೂಳೆಯ ಮೇಲೆ ಇಳಿದು, ಈಟಿಯಷ್ಟು ಚೂಪಾದ ಕಬ್ಬಿನ ಬುಡಕ್ಕೆ ಸಿಕ್ಕಿ ಮೂರು ಬೆರಳುದ್ದ ಹರಿಯಿತು. ಹರಿದ ಮೇಲೆ ಕೊಳ್ಳದೆ ವಿಧಿಯಿರಲಿಲ್ಲವೆನ್ನಿ. ಬದುವಿನ ಮೇಲೆ ನಿಂತಿದ್ದ ಮಾವ, ಗಾಳಿ ಬಂದಾಗ ತೂರಿಕೊಳ್ಳಬೇಕು ಕಣಯ್ಯ, ಹೋದಾಗ ಮೊರವನ್ನು ಕೆಳಗಿಡಬೇಕು ಎಂದರು. ಮೊರವನ್ನು ಕೆಳಗಿಡಲಾಗದ ಆಟ ಇದೆಂದು ಅವರಿಗೆ ವಿವರಿಸಲು ಹೋಗಲಿಲ್ಲ.

ಇನ್ನೆರಡು ಸಣ್ಣ ಸಂಗತಿ. ಹಗ್ಗ 20 ಮೀಟರಿನದಿದ್ದರೆ ಮಂದಗಾಳಿಗೆ 24 ಮೀಟರಿನದನ್ನು ಹಾಕಿಕೊಳ್ಳಬಹುದು. ಕೈಟ್ ಓಡಲು ಹೆಚ್ಚು ಆಕಾಶ ಸಿಗುತ್ತದೆ, ಎಳೆತ ಹೆಚ್ಚು ಹೊತ್ತು ನಿಲ್ಲುತ್ತದೆ. ಫಾಯಿಲಿನ ಮುಂದಿನ ರೆಕ್ಕೆಯನ್ನು ನಾನು 1800 ಚದರ ಸೆಂಟಿಮೀಟರಿನದಕ್ಕೆ ಬದಲಾಯಿಸಿದ್ದೇನೆ. 74 ಕಿಲೋ ತೂಗುವ ನನ್ನನ್ನು ಅದು ಕಡಿಮೆ ವೇಗದಲ್ಲೇ ಎತ್ತುತ್ತದೆ. ಕೈಟಿಗೆ ಇನ್ನೂ ನಾಲ್ಕು ಮೀಟರ್ ಬಟ್ಟೆ ಸೇರಿಸುವುದಕ್ಕಿಂತ ಈ ರೆಕ್ಕೆಯಿಂದಾದ ಉಪಕಾರವೇ ಹೆಚ್ಚೆಂದು ಕಳೆದ ಪಯಣದ ನಾಲ್ಕು ದಿನಗಳಲ್ಲಿ ಕಂಡುಕೊಂಡೆ. ಆ ನಾಲ್ಕು ದಿನಗಳಲ್ಲಿ ಕೈಟ್ ಐದು ಸಲ ನೀರಿಗೆ ಬಿತ್ತು, ಐದು ಸಲವೂ ಎದ್ದಿತು. ಒಮ್ಮೆ ಮಾತ್ರ ಹತ್ತು ನಿಮಿಷ ಸತಾಯಿಸಿತು.

ಹಳೆಯದನ್ನು ಕೊಳ್ಳಲು ಬೆಂಗಳೂರಿನಿಂದ ಒಬ್ಬರು ಬಂದಿದ್ದರು. ಎಷ್ಟು ಕಡಿಮೆ ಗಾಳಿಗೆ ಇದು ಹಾರುತ್ತದೆ ಎಂದು ಕೇಳಿದರು. ನಾನು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಹಲಸಿನ ಕೊಂಬೆಯ ತಕ್ಕಡಿಗೆ ಅದನ್ನು ನೇತುಹಾಕಿ, ಮುಳ್ಳು ನಿಲ್ಲುವವರೆಗೆ ಇಬ್ಬರೂ ನೋಡುತ್ತ ನಿಂತೆವು. ಅವರು 18 ನಾಟ್ ಗಾಳಿಯ ಜಾಗಕ್ಕೆ, ಮಾಮೂಲಿ ಬೋರ್ಡಿನ ಜೊತೆ ಬಳಸಲು, ತಮ್ಮ ನೂರು ಕಿಲೋ ತೂಕದ ಅಣ್ಣನಿಗೆಂದು ಅದನ್ನು ಕೊಂಡೊಯ್ದರು.